ಎಲ್ರೂ ಕೈ ಬಿಟ್ರಾ?

ಶಿವಪ್ರಕಾಶ್ ತೀರಿಕೊಂಡ ಐದನೇ ದಿನ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ನಮ್ಮ ಆಫೀಸಿನ ಇಂಚರ ಕಂಪ್ಯೂಟರಿನ ಮುಂದೆ ಕೂತವಳು ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು.

“ಅಣ್ಣ, ಬನ್ನಿ ಇಲ್ಲಿ. ಶಿವಪ್ರಕಾಶಣ್ಣ ಇನ್ನೂ ಹಿಡ್ಕಂಡವ್ರೆ.”

ನನಗೆ ರೇಗಿತು. ಸತ್ತವರ ವಿಷಯದಲ್ಲಿ ಚೇಷ್ಟೆ ನನಗಾಗದು. ಬೈಯಬೇಕೆಂದೇ ಎದ್ದು ಹೋದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಇದ್ದವು. ಈ ಭಾಗ ಶಿವಪ್ರಕಾಶ್ ಅವರ ವಶದಲ್ಲಿದೆ, ಅವರು ಬಿಟ್ಟುಕೊಡುವವರೆಗೆ ನೀವು ಬದಲಾಯಿಸುವಂತಿಲ್ಲ ಎಂದು ಅದರ ಅರ್ಥ. ಕೆಳಗೆ ‘ಕೇಳಿ’ ಎಂಬ ಒಂದು ಗುಂಡಿ. ಇಂಚರ ಅಭ್ಯಾಸಬಲದಿಂದ ಅದನ್ನು ಒತ್ತಿಬಿಟ್ಟಿದ್ದಳು. ಈಗ ಇನ್ನೊಂದು ಸಾಲು ಬಂದಿತ್ತು. ನಿಮ್ಮ ಕೋರಿಕೆಯನ್ನು ಶಿವಪ್ರಕಾಶ್ ಅವರಿಗೆ ಕಳಿಸಲಾಗಿದೆ, ಅವರ ಒಪ್ಪಿಗೆಗಾಗಿ ಕಾಯಿರಿ.

ನನ್ನ ಬಾಯಲ್ಲಿದ್ದ ಬೈಗುಳ ಬಾಯಲ್ಲೇ ಒಣಗಿತು.

ನಾನು ದೇವರಾಜು, ಮುಳ್ಳೂರಿನವನು. ಹದಿನಾರು ವರ್ಷ ಬೆಂಗಳೂರು, ಚೆನ್ನೈ ಅಂತ ಅಲೆದು ದೊಡ್ಡ ದೊಡ್ಡ ಕಟ್ಟಡಗಳಿಗೆ ಎಸಿ ಗಾಳಿ ಹರಿಯುವ ತಗಡಿನ ಕೊಳವೆ ಕೂರಿಸಿದವನು. ಅದನ್ನು ಡಕ್ಟ್ ಅನ್ನುತ್ತಾರೆ. ಎಡಗೈ ತೋರುಬೆರಳಿನ ತುದಿಯನ್ನು ಒಂದು ತಗಡು ಕತ್ತರಿಸುವ ಯಂತ್ರಕ್ಕೆ ಕೊಟ್ಟು ಬಂದಿದ್ದೇನೆ. ಏಣಿ ಹತ್ತಲು ಮಂಡಿ ಒಲ್ಲೆ ಎಂದಾಗ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವುದು ಕಲಿತೆ. ಕಟ್ಟಡ ಕಟ್ಟುವ ಮೊದಲೇ ಅದನ್ನು ಕಂಪ್ಯೂಟರಿನೊಳಗೆ ಪೂರ್ತಿ ಕಟ್ಟಿ ನೋಡುವುದು, ಯಾವ ಪೈಪು ಎಲ್ಲಿ, ಯಾವ ಡಕ್ಟ್ ಎಷ್ಟು ಎತ್ತರದಲ್ಲಿ, ಎಲ್ಲ. ಎರಡು ವಸ್ತು ಒಂದೇ ಜಾಗಕ್ಕೆ ಬಂದರೆ ಅಲ್ಲಿ ಕೆಂಪಗಾಗುತ್ತದೆ, ಅದಕ್ಕೆ ಕ್ಲಾಶ್ ಎಂದು ಹೆಸರು. ಈ ಕೆಲಸಕ್ಕೆ ಬಿಮ್ ಅನ್ನುತ್ತಾರೆ. ಶಿವಪ್ರಕಾಶನ ತಾಯಿ ಮಹದೇವಮ್ಮ ಅದನ್ನು ಭೀಮ ಅಂತ ಮಾಡಿಕೊಂಡಿದ್ದರು. ನನ್ನ ಮಗ ಭೀಮನ ಕೆಲಸಕ್ಕೆ ಓಯ್ತಾನೆ ಅಂತ ಬೀದಿಯಲ್ಲೆಲ್ಲ ಹೇಳುತ್ತಿದ್ದರು. ಹಾಗಾಗಿ ಕೊಳ್ಳೇಗಾಲದಲ್ಲಿ ಈಗಲೂ ನಮ್ಮದು ಭೀಮನ ಆಫೀಸು.

ಆಫೀಸು ಅಂದರೆ ಒಂದು ರೇಷ್ಮೆ ನೂಲಿನ ಅಂಗಡಿಯ ಮೇಲಿನ ಎರಡು ಕೋಣೆ, ಆರು ಜನ. ಶಿವಪ್ರಕಾಶ್ ನಮ್ಮಲ್ಲಿಗೆ ಕೆಲಸ ಕೇಳಿಕೊಂಡು ಬಂದವನಲ್ಲ. ಮಗ್ಗದವನು. ಕೆಳಗಿನ ಅಂಗಡಿಗೆ ನೂಲಿಗೆ ಬಂದು, ಸರದಿ ಕಾಯಲು ಬೇಜಾರಾಗಿ ಮೆಟ್ಟಿಲು ಹತ್ತಿ ಬಂದಿದ್ದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಸುಮಾರು ಹೊತ್ತು ನನ್ನ ಹೆಗಲ ಹಿಂದೆ ನಿಂತು ನೋಡಿ, “ಅಣ್ಣ, ಬೇಜಾರ್ ಮಾಡ್ಕೋಬೇಡಿ, ಆ ಮೂರನೇದು ತೊಲೆ ಒಳಗಿಂದ ಓಗ್ಯದಲ್ಲ?” ಅಂದ. ಹೌದು, ಮೂರನೇ ಪೈಪು ಕಾಂಕ್ರೀಟ್ ತೊಲೆಯನ್ನು ತೂರಿಕೊಂಡು ಹೋಗಿತ್ತು. ಎರಡು ದಿನದಿಂದ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಸಾವಿರಾರು ಎಳೆಗಳಲ್ಲಿ ತಪ್ಪಿದ ಒಂದನ್ನು ಹಿಡಿಯುವ ಕಣ್ಣು ಅವನದು. ಮುಂದಿನ ಸೋಮವಾರದಿಂದ ಬಾ ಅಂದೆ.

ಪಿಯುಸಿ ಫೇಲು, ಇಂಗ್ಲಿಷ್ ಅಷ್ಟಕ್ಕಷ್ಟೇ. ಎಂಟು ತಿಂಗಳಲ್ಲಿ ನನ್ನನ್ನು ಮೀರಿಸಿದ. ಬಾಟಲಿಯಲ್ಲಿ ಮಜ್ಜಿಗೆ ತರುತ್ತಿದ್ದ, ಕುರ್ಚಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದ, ಪರದೆಯನ್ನು ಬೆರಳಿಂದ ಮುಟ್ಟಿ ಮುಟ್ಟಿ ಕಲೆ ಮಾಡುತ್ತಿದ್ದ. ಬೈದರೆ ನಕ್ಕು ಪಂಚೆಯ ತುದಿಯಿಂದ ಒರೆಸುತ್ತಿದ್ದ. ಭಾನುವಾರ, ಹಬ್ಬ, ಸಂಜೆಗಳಲ್ಲಿ ಮಗ್ಗ ಬಿಡಲಿಲ್ಲ. ಕೇಳಿದರೆ, ಅಪ್ಪ ಕೊಟ್ಟ ಮಗ್ಗ ಅಣ್ಣ, ಅನ್ನುತ್ತಿದ್ದ.

ನಮ್ಮ ಕೆಲಸದಲ್ಲಿ ಆರು ಜನವೂ ಒಂದೇ ಕಟ್ಟಡದೊಳಗೆ ಕೂತಿರುತ್ತೇವೆ. ಒಬ್ಬರು ಒಂದು ಡಕ್ಟ್ ಮುಟ್ಟಿದರೆ ಅದು ಅವರ ವಶವಾಗುತ್ತದೆ. ಅವರು ಬಿಡುವ ತನಕ ಬೇರೆಯವರು ಮುಟ್ಟುವಂತಿಲ್ಲ. ಮನೆಗೆ ಹೋಗುವಾಗ ಬಿಟ್ಟು ಹೋಗಬೇಕು. ಅದಕ್ಕೊಂದು ಗುಂಡಿ ಇದೆ, ಅದರ ಇಂಗ್ಲಿಷ್ ಹೆಸರು ಅವನ ನಾಲಿಗೆಗೆ ಹೊರಳಲಿಲ್ಲ. ಅವನು ಅದಕ್ಕೆ ಕೈಬಿಡು ಅಂತ ಹೆಸರಿಟ್ಟ. ದಿನಾ ಸಂಜೆ ಆರು ಗಂಟೆಗೆ ಎದ್ದು ನಿಂತು ಆಫೀಸಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

“ಎಲ್ರೂ ಕೈ ಬಿಟ್ರಾ?”

ಬಿಟ್ಟೆ, ಬಿಟ್ಟೆ ಅಂತ ನಾವು ಒಬ್ಬೊಬ್ಬರಾಗಿ ಹೇಳಬೇಕು. ಯಾರಾದರೂ ಮರೆತು ಮೆಟ್ಟಿಲಿಳಿದಿದ್ದರೆ ಬಸ್ ನಿಲ್ದಾಣದ ತನಕ ಓಡಿ ಹಿಡಿದು ತರುತ್ತಿದ್ದ. ಏನಯ್ಯಾ ಇಷ್ಟು ಕಟ್ಟುನಿಟ್ಟು ಅಂದರೆ, ಅಡ್ಡ ನೂಲಿನ ಲಾಳಿಯನ್ನು ಹಾಸಿನ ಎಳೆಗಳೊಳಗೆ ಬಿಟ್ಟು ಮಗ್ಗದಿಂದ ಏಳಬಾರದು ಅಂತ ಅವರಪ್ಪ ರಾಮಲಿಂಗಯ್ಯ ಚಿಕ್ಕಂದಿನಲ್ಲಿ ಹೊಡೆದು ಕಲಿಸಿದ್ದರಂತೆ. ಎದ್ದರೆ ಲಾಳಿ ಒಂದು ಬದಿಗೆ ಬಂದಿರಬೇಕು.

ಅವನು ಬಂದ ಆರನೇ ವರ್ಷ ನಮಗೆ ಸಿಕ್ಕಿದ್ದು ಉತ್ತರದ ಕಡೆಯ ಒಂದು ವಿಮಾನ ನಿಲ್ದಾಣ. ಹೊರಡುವವರು ಕಾಯುವ ದೊಡ್ಡ ಹಜಾರದ ಎಸಿ, ನೀರು, ಹೊಗೆ ಎಳೆಯುವ ವ್ಯವಸ್ಥೆ ನಮ್ಮ ಪಾಲಿಗೆ ಬಂದಿತ್ತು. ನಮ್ಮಲ್ಲಿ ನಾನೊಬ್ಬನನ್ನು ಬಿಟ್ಟರೆ ಯಾರೂ ವಿಮಾನ ನಿಲ್ದಾಣ ಕಂಡವರಲ್ಲ. ಕೆಲಸ ಕೊಟ್ಟ ಬೆಂಗಳೂರಿನ ಕಂಪನಿ ಹದಿನೈದು ದಿನದ ಗಡುವು ಹಾಕಿತು. ಎರಡನೇ ಶುಕ್ರವಾರದೊಳಗೆ ಕ್ಲಾಶ್ ಸೊನ್ನೆ ಆಗಿರಬೇಕು, ಹಾಗಾದರೆ ಮುಂದಿನ ಹಜಾರವೂ ನಿಮಗೇ, ಇಲ್ಲವಾದರೆ ಬೇರೆಯವರಿಗೆ. ಶಿವಪ್ರಕಾಶ್ ನಲವತ್ತೊಂದು ಕ್ಲಾಶನ್ನು ಒಂದಕ್ಕೆ ಇಳಿಸಿದ. ಉಳಿದದ್ದು ಹದಿನಾಲ್ಕನೇ ಗೇಟಿನ ಮೇಲೆ. ಅಲ್ಲಿ ಹೊಗೆ ಎಳೆಯುವ ಡಕ್ಟಿಗೆ ಮೇಲೆ ತೊಲೆ, ಕೆಳಗೆ ತಣ್ಣೀರಿನ ಪೈಪು.

ಗಡುವಿನ ಮೊದಲ ಸೋಮವಾರ ಎರಡು ಗಂಟೆಗೆ ನಾನು ಹೇಳಿದೆ, ಡಕ್ಟನ್ನು ಚಪ್ಪಟೆ ಮಾಡು. ಅರವತ್ತು ಸೆಂಟಿಮೀಟರ್ ಎತ್ತರ ಇರುವುದನ್ನು ನಲವತ್ತಕ್ಕೆ ಅದುಮು, ಕೆಂಪು ಹೋಗುತ್ತದೆ.

“ಅದು ಹೊಗೆ ಎಳೆಯೋ ಡಕ್ಟು ಅಣ್ಣ. ಅಷ್ಟು ಅದುಮುದ್ರೆ ಅದೇನ್ ಎಳೆದದು? ಸೀಲಿಂಗ್ ಒಂದು ಗೇಣು ಇಳ್ಸಿ ಅಂತ ಬರೀರಿ, ಪೈಪು ಕೆಳಕ್ಕೆ ಓಯ್ತದೆ.”

“ಬರೆದ್ರೆ ಸೊನ್ನೆ ಆಗಲ್ಲ ಕಣ್ಲಾ.”

“ಆಗ್ದಿದ್ರೆ ಬೇಡ ಬುಡಿ. ಕೆಳಗೆ ಜನ ನಿಂತಿರ್ತಾರೆ.”

ಅವನು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಹದಿನಾರು ವರ್ಷ ತಗಡು ಹೊತ್ತವನಿಗೆ ಗೊತ್ತಾಗದೆ ಇರುತ್ತದೆಯೇ? ಕಂಪ್ಯೂಟರಿಗೆ ಒಂದಕ್ಕೊಂದು ತಾಗುವುದು ಕಾಣುತ್ತದೆ, ಉಸಿರು ಕಟ್ಟುವುದು ಕಾಣುವುದಿಲ್ಲ. ಅದನ್ನೇ ನೆಚ್ಚಿಕೊಂಡು ನಾನು ಆ ಮಾತು ಹೇಳಿದ್ದು. ಗೊತ್ತಿದ್ದೂ ತಪ್ಪು ಮಾಡುವವನಿಗೆ, ಗೊತ್ತಿದೆ ಎಂದು ನೆನಪಿಸುವವನ ಮೇಲೆ ಬರುವಷ್ಟು ಕೋಪ ಬೇರೆ ಯಾರ ಮೇಲೂ ಬರುವುದಿಲ್ಲ.

“ಏರ್‌ಪೋರ್ಟ್ ಮುಖಾನೇ ಕಾಣದೋನು ನಂಗೆ ಹೇಳ್ಕೊಡ್ತೀಯೇನ್ಲಾ? ಆ ಡಕ್ಟ್ ಕೈಬಿಡು. ಇಲ್ಲಾಂದ್ರೆ ಈ ಆಫೀಸ್ ಕೈಬಿಡು.”

ಅವನು ಆಯ್ತಣ್ಣ ಅಂದ, ಅಷ್ಟೇ. ಒಂದು ಗಂಟೆ ತಲೆ ಎತ್ತದೆ ಕೆಲಸ ಮಾಡಿದ. ಮೂರೂಕಾಲಿಗೆ ಮಜ್ಜಿಗೆ ಬಾಟಲಿ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಇಳಿದು ಹೋದ. ಆ ಸಂಜೆ ಆರಕ್ಕೆ ನಮ್ಮನ್ನು ಯಾರೂ ಏನೂ ಕೇಳಲಿಲ್ಲ. ಆರೂವರೆಗೆ ಫೋನು ಬಂತು. ಮನೆಗೆ ಹೋದವನು ಮಗ್ಗಕ್ಕೆ ಕೂತಿದ್ದನಂತೆ. ನೀರು ಕುಡ್ದು ಬತ್ತೀನಿ ಅಂತ ಎದ್ದವನು ಅಡುಗೆಮನೆ ಬಾಗಿಲಲ್ಲಿ ಕುಸಿದನಂತೆ. ಮೂವತ್ತೊಂಬತ್ತು ವರ್ಷ.

ಹೃದಯದ ಕಾಯಿಲೆ ಮೊದಲಿಂದ ಇತ್ತು ಅಂದರು ಡಾಕ್ಟರು. ಇದ್ದಿರಬಹುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಮಣ್ಣಿಗೆ ಹೋದೆ, ಯಾರ ಕಣ್ಣನ್ನೂ ನೋಡದೆ ವಾಪಸು ಬಂದೆ.

ಈಗ ಆ ಡಕ್ಟು ಅವನ ವಶದಲ್ಲಿದೆ. ಕಟ್ಟಡದಲ್ಲಿರುವ ಹನ್ನೊಂದು ಸಾವಿರ ತುಂಡುಗಳಲ್ಲಿ ಅದೊಂದೇ. ಎಲ್ಲರೂ ಕಾಣುವ ಮಾಡೆಲಿನಲ್ಲಿ ಅದು ಇನ್ನೂ ಹಳೆಯ ಎತ್ತರದಲ್ಲೇ, ಕೆಂಪಗೆ ನಿಂತಿತ್ತು. ಕೊನೆಯ ಒಂದು ಗಂಟೆಯಲ್ಲಿ ಅವನು ಏನು ಮಾಡಿದ್ದ ಎಂಬುದು ಅವನ ಕಂಪ್ಯೂಟರಿನಲ್ಲಿ ಮಾತ್ರ ಇತ್ತು.

“ಅವ್ರ ಸಿಸ್ಟಮ್ ಆನ್ ಮಾಡಿ, ಅವ್ರ ಫೈಲ್ ತೆಗ್ದು, ಅವ್ರ ಬದ್ಲು ನೀವೇ ಕೈಬಿಡ್ಬೇಕು ಅಣ್ಣ. ಬೇರೆ ದಾರಿ ಇಲ್ಲ,” ಅಂದಳು ಇಂಚರ.

“ನೀನೇ ಮಾಡಮ್ಮ.”

“ನಾ ಮಾಡಲ್ಲ,” ಅಂದಳು. ಅವಳ ಕಣ್ಣು ತುಂಬಿತ್ತು. ಬೈದವರು ನೀವು, ಅಂತ ಬಾಯಿಬಿಟ್ಟು ಹೇಳಲಿಲ್ಲ, ಒಳ್ಳೆಯ ಹುಡುಗಿ.

ಅವನ ಕುರ್ಚಿ ಅವನು ಎದ್ದು ಹೋದಾಗ ಹೇಗೆ ತಿರುಗಿತ್ತೋ ಹಾಗೆಯೇ ಕಿಟಕಿಯ ಕಡೆಗಿತ್ತು. ಫ್ಯಾನು ಜೋರಾದಾಗ ಅದು ಸ್ವಲ್ಪ ಸ್ವಲ್ಪವೇ ತಿರುಗುತ್ತಿತ್ತು, ಕರೆಂಟು ಹೋದಾಗ ನಿಲ್ಲುತ್ತಿತ್ತು. ಹಗಲು ಹನ್ನೆರಡು ಗಂಟೆಯಲ್ಲಿ, ಕೆಳಗೆ ಬೀದಿಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಿರುವಾಗ, ನಾನು ಆ ಕುರ್ಚಿಗೆ ಬೆನ್ನು ತಿರುಗಿಸಿ ಕೂರಲಾರದವನಾದೆ. ಇಂಚರ ಒತ್ತಿದ ಕೋರಿಕೆ ಹಾಗೆಯೇ ತೆರೆದಿತ್ತು. ‘ಉತ್ತರ ಬಂತೇ ನೋಡಿ’ ಎಂಬ ಗುಂಡಿಯೂ ಅದರಲ್ಲಿ ಇರುತ್ತದೆ. ಊಟಕ್ಕೆ ಎಲ್ಲರೂ ಹೋದಾಗ ನಾನು ಅದನ್ನು ಒತ್ತಿದೆ. ಇನ್ನೂ ಬಂದಿಲ್ಲ ಅಂತು. ಮಾರನೇ ದಿನ ಮತ್ತೆ ಒತ್ತಿದೆ. ಐವತ್ತೆರಡು ವರ್ಷದ ಗಂಡಸು ನಾನು, ಉತ್ತರ ಬಂದುಬಿಟ್ಟರೆ ಎಂಬ ಭಯದಲ್ಲೂ ಬರಲಿ ಎಂಬ ಆಸೆಯಲ್ಲೂ ಒತ್ತುತ್ತಿದ್ದೆ.

ಗಡುವಿಗೆ ಒಂದು ದಿನ ಉಳಿದಿತ್ತು. ಅವತ್ತು ಅವನ ಹನ್ನೊಂದರ ಕಾರ್ಯ. ದೇವಾಂಗ ಪೇಟೆಯ ಅವನ ಮನೆಗೆ ಹೋದೆ. ಒಪ್ಪಿಗೆ ಕೇಳುವುದಿತ್ತು, ಆದರೆ ಏನಂತ ಕೇಳುವುದು? ನಿಮ್ಮ ಮಗನ ಕೈ ಬಿಡಿಸುತ್ತೇನೆ ಅಂತಲೇ?

ನೆಂಟರೆಲ್ಲ ಊಟ ಮಾಡಿ ಹೋದ ಮೇಲೆ ಮಹದೇವಮ್ಮ ನನ್ನನ್ನು ನಡುಮನೆಗೆ ಕರೆದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ಅರಿಶಿನದ ಬಣ್ಣದ್ದು. ಹಾಸಿನ ಎಳೆಗಳ ನಡುವೆ ಲಾಳಿ ಹಾಗೆಯೇ ಸಿಕ್ಕಿಕೊಂಡು ಕೂತಿತ್ತು. ಹನ್ನೊಂದು ದಿನದಿಂದ ಯಾರೂ ಮುಟ್ಟಿರಲಿಲ್ಲ.

“ಲಾಳಿ ಒಳಗೇ ಬುಟ್ಟು ಎದ್ದೋದ ಕಣಪ್ಪ. ಹುಟ್ಟಿದಾಗ್ನಿಂದ ಒಂದಿನಾನೂ ಅಂಗೆ ಮಾಡ್ದೋನಲ್ಲ. ಬತ್ತೀನಿ ಅಂತ್ಲೇ ಓದ.”

ಅವರ ಸೊಸೆ, ಶಿವಪ್ರಕಾಶನ ಹೆಂಡತಿ ಕವಿತ ಬಂದು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಳು.

“ಇವತ್ತು ತೆಗೀಬೇಕು,” ಅಂದರು ಮಹದೇವಮ್ಮ. “ನಮ್ಮನೇಲಿ ಒಂದು ಕಟ್ಲೆ ಅದೆ. ಬುಟ್ಟೋದೋರ ಲಾಳಿನ ಯಾರು ತೆಗೀತಾರೋ, ಅವ್ರೇ ಆ ಎಳೆ ಮುಗುಸ್ಬೇಕು. ಸುಮ್ನೆ ತೆಗ್ದು ಗೂಟಕ್ಕೆ ಮಡಗಂಗಿಲ್ಲ.”

ಕವಿತ ಹಗ್ಗ ಎಳೆದಳು. ಲಾಳಿ ಒಮ್ಮೆ ತಡೆದು, ಆಮೇಲೆ ಈಚೆ ಬದಿಗೆ ಬಂತು. ಮಗ್ಗದ ಹಲಗೆಯನ್ನು ಒಮ್ಮೆ ಬಡಿದಳು. ಒಂದೇ ಎಳೆ. ಆಮೇಲೆ ಮುಖ ಮುಚ್ಚಿಕೊಂಡಳು. ನಾನು ಕೇಳಬೇಕಾದ್ದನ್ನು ಕೇಳಲಿಲ್ಲ. ಕೇಳದೆಯೇ ಉತ್ತರ ಸಿಕ್ಕಿತ್ತು, ಅದು ನನಗೆ ಬೇಕಾದ ಉತ್ತರವಾಗಿರಲಿಲ್ಲ.

ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಅವನ ಕುರ್ಚಿಯಲ್ಲಿ ಕೂತೆ. ಪರದೆಯ ಮೇಲೆ ಅವನ ಬೆರಳಿನ ಕಲೆಗಳಿದ್ದವು. ಆನ್ ಮಾಡಿದರೆ ಕಲೆಗಳ ಹಿಂದಿನಿಂದ ವಿಮಾನ ನಿಲ್ದಾಣ ಬೆಳಗಿತು. ಇಂಚರ ನನ್ನ ಹೆಗಲ ಹಿಂದೆ ನಿಂತಳು, ಅವನು ಮೊದಲ ದಿನ ನಿಂತ ಹಾಗೆ.

ನಾನು ಅಂದುಕೊಂಡಿದ್ದು, ಹಟಕ್ಕೆ ಬಿದ್ದು ಡಕ್ಟನ್ನು ಮುಟ್ಟದೆ ಹೋಗಿರುತ್ತಾನೆ ಎಂದು. ಹಾಗೆಂದುಕೊಂಡೇ ಅಷ್ಟು ದಿನ ಅವನ ಮೇಲೆ ಒಳಗೊಳಗೆ ಸಿಟ್ಟನ್ನೂ ಇಟ್ಟುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಫೈಲು ತೆರೆಯಿತು. ಹದಿನಾಲ್ಕನೇ ಗೇಟಿಗೆ ಹೋದೆ. ಕೆಂಪು ಇರಲಿಲ್ಲ. ಡಕ್ಟು ನಲವತ್ತು ಸೆಂಟಿಮೀಟರಿಗೆ ಇಳಿದಿತ್ತು. ನಾನು ಹೇಳಿದ ಹಾಗೆಯೇ ಅದುಮಿದ್ದ. ಆಯ್ತಣ್ಣ ಅಂದವನು ಆಯ್ತು ಅಂದ ಹಾಗೆಯೇ ಮಾಡಿದ್ದ.

“ಕೆಳಗೆ ಯಾರೋ ನಿಂತವ್ರೆ ಅಣ್ಣ,” ಅಂದಳು ಇಂಚರ.

ನಮ್ಮ ಮಾಡೆಲಿನಲ್ಲಿ ಜನ ಇರುವುದಿಲ್ಲ. ಎಕರೆಗಟ್ಟಲೆ ಹಜಾರ, ಸಾಲು ಸಾಲು ಕುರ್ಚಿ, ನೆರಳಿಲ್ಲದ ಬೆಳಕು, ಒಂದು ನರಪಿಳ್ಳೆಯೂ ಇಲ್ಲ. ಅಷ್ಟು ದೊಡ್ಡ ಖಾಲಿಯಲ್ಲಿ ಆ ಡಕ್ಟಿನ ನೇರ ಕೆಳಗೆ ಒಬ್ಬ ಹೆಂಗಸು ನಿಂತಿದ್ದಳು. ಎತ್ತರದ ಅಂದಾಜಿಗೆ ಇಡಲು ಕಂಪ್ಯೂಟರಿನಲ್ಲಿ ಬರುವ ಗೊಂಬೆ ಅದು. ಕೋಟು ಹಾಕಿದ, ಕೂದಲು ಕತ್ತರಿಸಿದ ಬಿಳಿ ಹೆಂಗಸು, ಕೈಯಲ್ಲಿ ಚೀಲ. ಬೇರೆ ಗೊಂಬೆ ಸಿಕ್ಕಿರಲಿಲ್ಲ ಅವನಿಗೆ. ಅದರ ಮೇಲೆ ಒತ್ತಿ ವಿವರ ನೋಡಿದೆ. ಟಿಪ್ಪಣಿಯ ಜಾಗದಲ್ಲಿ ಕನ್ನಡದಲ್ಲಿ ಒಂದೇ ಪದ ಬರೆದಿದ್ದ.

ಅವ್ವ.

ನನ್ನ ಮಾತಿಗೆ ಡಕ್ಟನ್ನು ಅದುಮಿ, ಅದರ ಕೆಳಗೆ ಮಹದೇವಮ್ಮನನ್ನು ನಿಲ್ಲಿಸಿ ನೋಡಿದ್ದಾನೆ. ನೋಡಿದ ಮೇಲೆ ಅವನಿಗೆ ಅದನ್ನು ಎಲ್ಲರ ಮಾಡೆಲಿಗೆ ಕಳಿಸಲಾಗಲಿಲ್ಲ. ಹಾಗೆ ಕಳಿಸದೆ ಫೈಲು ಮುಚ್ಚುವಾಗ ಅದು ಕೇಳಿಯೇ ಕೇಳುತ್ತದೆ, ಕೈಬಿಡುತ್ತೀರಾ, ಹಿಡಿದಿಟ್ಟುಕೊಳ್ಳುತ್ತೀರಾ ಅಂತ. ಆರು ವರ್ಷ ನಮಗೆಲ್ಲ ಕೈಬಿಡುವುದನ್ನು ಕಲಿಸಿದವನು ಅವತ್ತು ಹಿಡಿದಿಟ್ಟುಕೊಳ್ಳುತ್ತೇನೆ ಎಂದು ಒತ್ತಿ ಹೋಗಿದ್ದ. ಮರೆತಿರಲಿಲ್ಲ. ಬೇರೆ ಯಾರ ಕೈಗೂ, ನನ್ನ ಕೈಗೂ, ಅದು ಸಿಗಬಾರದು ಎಂದೇ.

ನಾನು ಅತ್ತೆ. ಇಂಚರಳ ಮುಂದೆಯೇ.

ಸಂಜೆಯೊಳಗೆ ಸೊನ್ನೆ ಕಳಿಸಬಹುದಿತ್ತು. ಅವನ ಹೆಸರಿನಲ್ಲೇ ಹೋಗುತ್ತಿತ್ತು, ಚಪ್ಪಟೆ ಮಾಡಿದವನು ಶಿವಪ್ರಕಾಶ್ ಅಂತ ದಾಖಲೆಯೂ ಇರುತ್ತಿತ್ತು, ಸತ್ತವನನ್ನು ಯಾರು ಬಂದು ಕೇಳುತ್ತಾರೆ? ಆ ಯೋಚನೆ ನನಗೆ ಬಂತು. ಬರಲಿಲ್ಲ ಅಂದರೆ ನಾನು ದೇವರಾಜುವೇ ಅಲ್ಲ. ಆದರೆ ಲಾಳಿ ಈಗ ನನ್ನ ಕೈಯಲ್ಲಿತ್ತು. ಅದುಮಿದ್ದೂ ಅವನೇ, ಬಿಟ್ಟುಕೊಡದೆ ಹಿಡಿದದ್ದೂ ಅವನೇ. ಅದುಮಿದ್ದು ನನ್ನ ಮಾತಿಗೆ. ಹಿಡಿದದ್ದು ಮಾತ್ರ ಅವನ ಸ್ವಂತದ್ದು. ಅದುಮಿದ್ದನ್ನು ಉಳಿಸದೆ ಫೈಲು ಮುಚ್ಚಿದೆ. ಕೈಬಿಡುತ್ತೀರಾ ಅಂತ ಕೇಳಿತು. ಬಿಡ್ತೀನಿ ಕಣಪ್ಪ, ಎಂದು ಅವನ ಬದಲು ನಾನು ಒತ್ತಿದೆ. ಕೋಟಿನ ಅವ್ವನೂ ಹೋದಳು.

ಇಂಚರಳ ಪರದೆಯಲ್ಲಿ ಟಿಣ್ ಅಂತ ಸದ್ದಾಯಿತು. ಒಂದು ವಾರದ ಹಿಂದೆ ಅವಳು ಕೇಳಿದ್ದಕ್ಕೆ ಉತ್ತರ ಬಂದಿತ್ತು. ಶಿವಪ್ರಕಾಶ್ ಅವರು ಒಪ್ಪಿದ್ದಾರೆ, ಅಂತ. ಅವಳು ಎದ್ದು ಮೆಟ್ಟಿಲಿನ ಹತ್ತಿರ ಹೋಗಿ ನಿಂತುಕೊಂಡಳು.

ಅವತ್ತು ನಾನು ಕಳಿಸಿದ ವರದಿಯಲ್ಲಿ ಕ್ಲಾಶ್ ಒಂದು ಅಂತ ಇತ್ತು. ಹೊಗೆಯ ಡಕ್ಟನ್ನು ಕಿರಿದು ಮಾಡುವಂತಿಲ್ಲ, ಸೀಲಿಂಗ್ ಒಂದು ಗೇಣು ಇಳಿಸಿ, ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಬೆಂಗಳೂರಿನವರು ಫೋನಿನಲ್ಲಿ ನನ್ನ ಜನ್ಮ ಜಾಲಾಡಿದರು. ಮುಂದಿನ ಹಜಾರ ಬೇರೆಯವರಿಗೆ ಹೋಯಿತು. ಆರು ಜನರಲ್ಲಿ ನಾಲ್ವರು ಉಳಿದೆವು. ಸೀಲಿಂಗ್ ಇಳಿಸುತ್ತಾರೋ, ಡಕ್ಟನ್ನು ಬೇರೆ ಯಾರ ಕೈಯಲ್ಲಾದರೂ ಅದುಮಿಸುತ್ತಾರೋ ಎಂದು ಮೂರು ತಿಂಗಳು ಕಾದೆ. ಕೊನೆಗೆ ಹೊಸ ನಕ್ಷೆ ಬಂತು. ಹದಿನಾಲ್ಕನೇ ಗೇಟಿನ ಮೇಲೆ ಸೀಲಿಂಗ್ ಹದಿನೆಂಟು ಸೆಂಟಿಮೀಟರ್ ಇಳಿದಿತ್ತು. ಡಕ್ಟು ಅರವತ್ತರಲ್ಲೇ ಇತ್ತು.

ನಕ್ಷೆಯ ಜೊತೆ ಒಂದು ಟಿಪ್ಪಣಿಯನ್ನೂ ಕಳಿಸಿದ್ದರು. ಗೇಟು ಹದಿನಾಲ್ಕರಲ್ಲಿ ಅನವಶ್ಯಕ ವಸ್ತು ಒಂದಿದೆ, ‘ಅವ್ವ’ ಎಂಬ ಹೆಸರು, ಅಳಿಸಿ. ಆ ಶುಕ್ರವಾರವೇ ನಾನು ಅವಳನ್ನು ವಾಪಸು ತಂದು ಅದೇ ಜಾಗದಲ್ಲಿ ನಿಲ್ಲಿಸಿದ್ದೆ, ನನ್ನ ಹೆಸರಿನಲ್ಲಿ. ಬೇರೆ ಯಾರಾದರೂ ಅಳಿಸಲು ಹೋದರೆ, ಇದು ದೇವರಾಜು ಅವರ ವಶದಲ್ಲಿದೆ, ಅವರು ಬಿಟ್ಟುಕೊಡುವವರೆಗೆ ಮುಟ್ಟುವಂತಿಲ್ಲ ಎಂದು ಬರುತ್ತದೆ.

ಸಂಜೆ ಆರಕ್ಕೆ ಎದ್ದು ನಿಂತು ಕೇಳುವುದು ಈಗ ಇಂಚರಳ ಪಾಳಿ. ಅವಳ ದನಿ ಸಣ್ಣದು, ಕೆಳಗಿನ ಬಸ್ಸಿನ ಸದ್ದಿನಲ್ಲಿ ಅರ್ಧ ಕೇಳಿಸುವುದಿಲ್ಲ. ಅವನ ಕುರ್ಚಿಯನ್ನು ಮತ್ತೆ ಕಿಟಕಿಯ ಕಡೆಗೇ ತಿರುಗಿಸಿ ಇಟ್ಟಿದ್ದೇವೆ.

“ಎಲ್ರೂ ಕೈ ಬಿಟ್ರಾ?”

ಬಿಟ್ಟೆ, ಬಿಟ್ಟೆ ಅನ್ನುತ್ತಾರೆ ಇಬ್ಬರು. ಆಮೇಲೆ ಅವಳು ನನ್ನ ಕಡೆ ನೋಡುತ್ತಾಳೆ. ಉತ್ತರ ಅವಳಿಗೆ ಗೊತ್ತು, ಆದರೂ ದಿನಾ ಕಾಯುತ್ತಾಳೆ.

“ಒಂದು ಬಿಟ್ಟು ಎಲ್ಲ ಬಿಟ್ಟೆ ಕಣಮ್ಮ,” ಅನ್ನುತ್ತೇನೆ.